ಕೇಕಿನ ಮೇಲಿನ ಕೆಂಪು ಎಲ್ಲಿಂದ ಬಂತು?

ನವೆಂಬರ್ ಬಂತೆಂದರೆ ಗಲ್ಫಿನ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಹಳದಿ-ಕೆಂಪು ಕೇಕ್ ಒಂದು ಇದ್ದೇ ಇರುತ್ತದೆ. ಮೊದಲೆಲ್ಲ ಬೇಕರಿಗೆ ಹೇಳಿ ಮಾಡಿಸುತ್ತಿದ್ದರು. ಈಗ ಫ್ಯಾಮಿಲಿ ಇರುವ ಮನೆಗಳಲ್ಲಿ ನಮ್ಮ ಅಕ್ಕಂದಿರೇ ಓವನ್ ಇಟ್ಟುಕೊಂಡು ಮಾಡಿ ತರುತ್ತಾರೆ. ಕ್ಯಾಂಪಿನಲ್ಲಿರುವ ನಮ್ಮಂಥವರಿಗೂ ಒಂದೊಂದು ತುಂಡು ಸಿಗುತ್ತದೆ. ತಿಂದ ಮೇಲೆ ಮಕ್ಕಳು ಒಬ್ಬರಿಗೊಬ್ಬರು ಕೆಂಪು ನಾಲಗೆ ತೋರಿಸಿಕೊಂಡು ನಗುತ್ತವೆ. ಆ ಕೆಂಪು ಯಾವುದು, ಯಾವ ಬಾಟಲಿಯದು, ಅದನ್ನು ಅನ್ನದ ತಟ್ಟೆಗೆ ಮೊದಲು ತಂದವರು ಯಾರು ಅಂತ ಕೇಳುವವರು ಕಡಿಮೆ.

ವೈರಿಂಗ್ ಕೆಲಸದವನಿಗೆ ಬಣ್ಣ ಅಂದರೆ ಅಲಂಕಾರ ಅಲ್ಲ, ಮಾಹಿತಿ. ಐಟಿಐಯಲ್ಲಿ ಮೊದಲ ವಾರವೇ ಹೇಳಿಕೊಟ್ಟದ್ದು: ಕೆಂಪು, ಹಳದಿ, ನೀಲಿ ಮೂರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ವೈರಿನ ಬಣ್ಣ ಸುಳ್ಳು ಹೇಳಿದರೆ ಆಳು ಸಾಯುತ್ತಾನೆ. ತಿನಿಸಿನ ಬಣ್ಣ ಮಾತ್ರ ಶುರುವಿನಿಂದಲೂ ಅರ್ಧ ಸುಳ್ಳೇ. ಕೇಸರಿಭಾತಿನ ಹೆಸರಿನಲ್ಲಿ ಕೇಸರಿ ಇದೆ. ನಮ್ಮಲ್ಲಿ ಎಷ್ಟು ಮನೆಯಲ್ಲಿ ನಿಜವಾದ ಕೇಸರಿ ಎಸಳು ಹಾಕಿ ಮಾಡಿದ್ದಾರೆ? ಅಂಗಡಿಯಿಂದ ತಂದ ಸಣ್ಣ ಡಬ್ಬಿಯ ಕಿತ್ತಳೆ ಪುಡಿಗೇ ‘ಕೇಸರಿ’ ಅಂತ ಹೆಸರಾಗಿಬಿಟ್ಟಿದೆ.

ಹಿಂದೆ ಅಡಿಗೆಗೆ ಇದ್ದ ಬಣ್ಣಗಳು ಕೆಲವೇ. ಅರಿಶಿನ, ಕೇಸರಿ, ಸೊಪ್ಪಿನ ರಸ, ಬೀಟ್‌ರೂಟ್, ಸುಟ್ಟ ಸಕ್ಕರೆ. ಇವೆಲ್ಲ ಒಳ್ಳೆಯವೇ, ಆದರೆ ಮೊಂಡು ಸ್ವಭಾವದವು. ಅರಿಶಿನಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಎಲ್ಲರಿಗೂ ಗೊತ್ತು. ಅದೇ ಕೆಲಸ ಕೇಕಿನಲ್ಲೂ ನಡೆಯುತ್ತದೆ. ಅಡಿಗೆ ಸೋಡಾ ಹೆಚ್ಚಾದ ಹಿಟ್ಟಿಗೆ ಅರಿಶಿನ ಹಾಕಿದರೆ ಹಳದಿ ಬರುವುದಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬೀಟ್‌ರೂಟ್ ಕೆಂಪು ಓವನ್ನಿನ ಕಾವಿಗೆ ಸೋತು ಕಂದಾಗುತ್ತದೆ. ಸೊಪ್ಪಿನ ಹಸಿರು ಹುಳಿ ತಾಕಿದರೆ ಸಾಕು, ಮಂಕಾಗುತ್ತದೆ. ಕಾವು, ಹುಳಿ, ಸೋಡಾ, ಬೆಳಕು ನಾಲ್ಕನ್ನೂ ತಡೆಯುವ ಅಗ್ಗದ ಬಣ್ಣ ಬೇಕಿತ್ತು. ಮುಂದೆ ಆದ ಅನಾಹುತಗಳೆಲ್ಲ ಆ ಹುಡುಕಾಟದ ದಾರಿಯಲ್ಲೇ ಆದವು.

ಒಂದು ಗಟ್ಟಿ ಕೆಂಪು ಮಾತ್ರ ಮೊದಲೇ ಇತ್ತು. ಮೆಕ್ಸಿಕೋದ ಕಳ್ಳಿ ಗಿಡದ ಮೇಲೆ ಬದುಕುವ ಕೋಚಿನೀಲ್ ಎಂಬ ಸಣ್ಣ ಹುಳ. ಒಣಗಿಸಿ ಪುಡಿ ಮಾಡಿದರೆ ರಕ್ತಗೆಂಪು. ಅರ್ಧ ಕಿಲೋ ಪುಡಿಗೆ ಸುಮಾರು 70 ಸಾವಿರ ಹುಳ ಬೇಕು ಅಂತ ಲೆಕ್ಕ. ಸ್ಪೇನಿನವರು ಇದನ್ನು ಯುರೋಪಿಗೆ ಮಾರಿ ದುಡ್ಡು ಮಾಡಿಕೊಂಡರು. ಇಂಗ್ಲಿಷ್ ಸೇನಾಧಿಕಾರಿಗಳ ಕೆಂಪು ಕೋಟಿಗೂ ಇದೇ, ಅಡಿಗೆಮನೆಯ ಜೆಲ್ಲಿಗೂ ಇದೇ. ಸ್ಪೇನಿನ ಕೈ ತಪ್ಪಿಸಬೇಕು ಅಂತ ಈಸ್ಟ್ ಇಂಡಿಯಾ ಕಂಪನಿ ನಮ್ಮ ಕಡೆಯೂ ಪ್ರಯತ್ನ ಮಾಡಿತು. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ 1780ರ ದಶಕದ ಕೊನೆಗೆ ಕಳ್ಳಿ ತೋಟವನ್ನೇ ಹಾಕಿಸಿದ. ನಾವು ಪಾಪಾಸುಕಳ್ಳಿ ಅನ್ನುವ ಜಾತಿಯದೇ ಕಳ್ಳಿ. 1795ರಲ್ಲಿ ಬ್ರೆಜಿಲ್ ಕಡೆಯಿಂದ ಹಡಗಿನಲ್ಲಿ ಹುಳವೂ ಬಂತು. ಆದರೆ ಬಂದದ್ದು ಕಳಪೆ ಜಾತಿ. ಬಣ್ಣ ಕೊಡುವ ಬದಲು ಕಳ್ಳಿಯನ್ನೇ ತಿಂದು ಮುಗಿಸಿತು. ಮುಂದೆ ದಕ್ಷಿಣ ಭಾರತದಲ್ಲಿ ಕಳ್ಳಿ ಕಳೆ ತೆಗೆಯಲಿಕ್ಕೇ ಆ ಹುಳ ಬಿಟ್ಟರು.

ಈ ಹುಳದ ಕೆಂಪು ಇವತ್ತಿಗೂ ಚಲಾವಣೆಯಲ್ಲಿದೆ. ಪೊಟ್ಟಣದ ಮೇಲೆ ಕಾರ್ಮೈನ್ ಅಂತಲೋ ಇ120 ಅಂತಲೋ ಬರೆದಿರುತ್ತದೆ. ನಮ್ಮಲ್ಲಿ ಶುದ್ಧ ಸಸ್ಯಾಹಾರದ ಮನೆಯವರು ಮೊಟ್ಟೆ ಇಲ್ಲದ ಕೇಕ್ ಬೇಕು ಅಂತ ಹುಡುಕುತ್ತಾರೆ, ಮೇಲಿನ ಗುಲಾಬಿ ಕ್ರೀಮಿನ ಬಗ್ಗೆ ಕೇಳುವುದಿಲ್ಲ.

ಹುಳದ ಬಣ್ಣ ದುಬಾರಿ. ಬಡವರ ಮಕ್ಕಳ ಮಿಠಾಯಿಗೆ ಅದನ್ನು ಯಾರು ಹಾಕುತ್ತಾರೆ? 19ನೇ ಶತಮಾನದ ಲಂಡನ್ನಿನಲ್ಲಿ ಕಾರ್ಖಾನೆ ಕೆಲಸಗಾರರು ತುಂಬಿಕೊಂಡಿದ್ದರು. ಹಿಟ್ಟು, ಹಾಲು, ಟೀ, ಮಿಠಾಯಿ ಎಲ್ಲವನ್ನೂ ಬೀದಿಯಲ್ಲೇ ಕೊಳ್ಳಬೇಕು. 1820ರಲ್ಲಿ ಫ್ರೆಡ್ರಿಕ್ ಆಕಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಆಹಾರದ ಕಲಬೆರಕೆ ಬಗ್ಗೆ ಒಂದು ಪುಸ್ತಕ ಬರೆದು, ಸಿಕ್ಕಿಬಿದ್ದ ವ್ಯಾಪಾರಿಗಳ ಹೆಸರನ್ನೂ ಹಾಕಿಬಿಟ್ಟ. ಮಕ್ಕಳ ಮಿಠಾಯಿಯ ಕೆಂಪಿಗೆ ಸೀಸ, ಹಸಿರಿಗೆ ತಾಮ್ರ ಅಂತ ಬಿಡಿಸಿ ಹೇಳಿದ. ಪುಸ್ತಕದ ಸಾವಿರ ಪ್ರತಿ ಒಂದು ತಿಂಗಳಲ್ಲಿ ಖರ್ಚಾಯಿತು. ಅದೇ ವರ್ಷದ ಕೊನೆಗೆ ಗ್ರಂಥಾಲಯದ ಪುಸ್ತಕಗಳಿಂದ ಹಾಳೆ ಹರಿದ ಅಂತ ಆತನ ಮೇಲೆ ಕೇಸು ಬಿತ್ತು. ಆತ ಇಂಗ್ಲೆಂಡ್ ಬಿಟ್ಟು ಜರ್ಮನಿಗೆ ಹೋದವನು ವಾಪಸ್ಸು ಬರಲಿಲ್ಲ. ಹಾಳೆ ಹರಿದದ್ದು ನಿಜವೇ ಇದ್ದರೂ, ವಿಷ ಹಾಕಿದವರು ಅಂಗಡಿಯಲ್ಲೇ ಕೂತಿದ್ದರು, ಹೇಳಿದವನು ಊರು ಬಿಟ್ಟ.

ಮೂವತ್ತು ವರ್ಷ ಕಳೆದ ಮೇಲೆ ಆರ್ಥರ್ ಹಿಲ್ ಹಸಲ್ ಎಂಬ ವೈದ್ಯ ಸೂಕ್ಷ್ಮದರ್ಶಕ ಹಿಡಿದು ಅದೇ ಕೆಲಸ ಮತ್ತೆ ಮಾಡಿದ. 1851ರಿಂದ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂಗಡಿಯವರ ಹೆಸರು, ವಿಳಾಸ ಸಮೇತ ವರದಿ ಬಂತು. ಮಿಠಾಯಿಯ ಹಳದಿಯಲ್ಲಿ ಸೀಸದ ಕ್ರೋಮೇಟ್, ಕೆಂಪಿನಲ್ಲಿ ಕೆಂಪು ಸೀಸ ಮತ್ತು ಪಾದರಸದ ಇಂಗುಲೀಕ, ಹಸಿರಿನಲ್ಲಿ ತಾಮ್ರ ಮತ್ತು ಪಾಷಾಣ ಸೇರಿದ ಬಣ್ಣ. ಇವೆಲ್ಲ ಗೋಡೆಗೂ ಬಾಗಿಲಿಗೂ ಬಳಿಯುವ ಬಣ್ಣದ ಸಾಮಾನು. ಈ ವರದಿಗಳ ಗದ್ದಲದಿಂದಲೇ 1860ರಲ್ಲಿ ಬ್ರಿಟನ್ನಿನ ಮೊದಲ ಕಲಬೆರಕೆ ತಡೆ ಕಾಯ್ದೆ ಬಂದದ್ದು.

ಕೇಕಿನ ಅಲಂಕಾರಕ್ಕೆ ಬಿಳಿ ಬಣ್ಣವೇ ದೊಡ್ಡಸ್ತಿಕೆ ಆಗಿದ್ದ ಕಾಲ ಅದು. 1840ರಲ್ಲಿ ರಾಣಿ ವಿಕ್ಟೋರಿಯಾ ಮದುವೆಯ ಕೇಕ್ ಬೆಳ್ಳಗೆ ಇತ್ತು. ಬೆಳ್ಳಗಿನ ಸಕ್ಕರೆ ಸಿರಿವಂತರ ಮನೆಯ ಸರಕು. ಗಟ್ಟಿ ಬಿಳಿ ಐಸಿಂಗಿಗೆ ಇಂಗ್ಲಿಷಿನವರು ‘ರಾಯಲ್’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಸಕ್ಕರೆ ಅಗ್ಗವಾಗಿ ಎಲ್ಲರ ಕೇಕೂ ಬೆಳ್ಳಗಾದ ಮೇಲೆ ಬಿಳಿಗೆ ಬೆಲೆ ಹೋಯಿತು, ಬಣ್ಣಕ್ಕೆ ಬಂತು.

ಈಗ ಕಥೆಯ ದೊಡ್ಡ ತಿರುವು. ಇದರಲ್ಲಿ ನನ್ನ ಕಸುಬಿನ ಸಂಬಂಧವೂ ಸ್ವಲ್ಪ ಇದೆ. ಕರೆಂಟು ಬರುವ ಮುಂಚೆ ಯುರೋಪಿನ ಊರುಗಳಿಗೆ ಬೆಳಕು ಕೊಡುತ್ತಿದ್ದದ್ದು ಕಲ್ಲಿದ್ದಲಿನ ಗ್ಯಾಸ್. ಗ್ಯಾಸ್ ತೆಗೆದ ಮೇಲೆ ಉಳಿಯುತ್ತಿದ್ದ ಕಪ್ಪು ಡಾಂಬರು ಯಾರಿಗೂ ಬೇಡದ ಕಸ. ಅದರಲ್ಲಿ ಏನೇನಿದೆ ಅಂತ ಬಿಡಿಸುತ್ತಾ ಹೋದ ವಿಜ್ಞಾನಿಗಳಿಗೆ ಅನಿಲಿನ್ ಎಂಬ ಎಣ್ಣೆಯಂಥ ದ್ರವ ಸಿಕ್ಕಿತು. ಇದೇ ದ್ರವ ನೀಲಿ ಗಿಡದ ಬಣ್ಣವನ್ನು ಭಟ್ಟಿ ಇಳಿಸಿದಾಗಲೂ ಮೊದಲೇ ಸಿಕ್ಕಿತ್ತು, ಹೆಸರು ಬಂದದ್ದು ಅಲ್ಲಿಂದ. ನಮ್ಮ ‘ನೀಲ’ವೇ ಅರಬ್ಬರ ಬಾಯಲ್ಲಿ ‘ಅನ್ನೀಲ್’ ಆಗಿ, ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಗಿ, ಕೊನೆಗೆ ಪ್ರಯೋಗಶಾಲೆಯಲ್ಲಿ ಅನಿಲಿನ್ ಆಯಿತು. ಇಲ್ಲಿನ ಅರಬ್ಬಿ ಸೂಪರ್‌ವೈಸರ್ ಮತ್ತು ನಾವು ಬಾಯಿ ತೆರೆದರೆ ಒಂದೇ ಬೇರಿನ ಪದಗಳು ಎಷ್ಟೋ ಸಿಗುತ್ತವೆ, ಇದೂ ಒಂದು.

1856ರ ಈಸ್ಟರ್ ರಜೆ. ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಲಂಡನ್ನಿನ ತನ್ನ ಮನೆಯ ಮಹಡಿಯಲ್ಲಿ ಅನಿಲಿನ್ ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದ. ಬೇಕಿದ್ದದ್ದು ಮಲೇರಿಯಾ ಔಷಧಿ ಕ್ವಿನೈನ್. ಸಿಕ್ಕಿದ್ದು ಕಪ್ಪು ಜಿಡ್ಡು. ಪಾತ್ರೆ ತೊಳೆಯಲು ಸ್ಪಿರಿಟ್ ಹಾಕಿದರೆ ಚಂದದ ನೇರಳೆ ಬಣ್ಣ ಇಳಿಯಿತು. ರೇಷ್ಮೆಗೆ ಹಾಕಿ ನೋಡಿದ, ಒಗೆದರೂ ಹೋಗಲಿಲ್ಲ, ಬಿಸಿಲಿಗೂ ಮಾಸಲಿಲ್ಲ. ಮರುವರ್ಷವೇ ಕಾರ್ಖಾನೆ ಹಾಕಿದ. ಅವನ ಹಿಂದೆ ಜರ್ಮನ್ ಕಂಪನಿಗಳು ಬಂದವು, ನೂರಾರು ಬಣ್ಣ ಬಂದವು. ಮುಂದೆ 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು ನಮ್ಮ ದೇಶದ ನೀಲಿ ಬೆಳೆಯನ್ನೇ ಮುಳುಗಿಸಿತು.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಬಣ್ಣಗಳನ್ನು ಯಾರೂ ತಿನ್ನಲಿಕ್ಕೆ ಅಂತ ಮಾಡಲಿಲ್ಲ. ಬಟ್ಟೆಗೆ ಮಾಡಿದ್ದು. ಇವತ್ತು ಲಾಡು, ಕಸ್ಟರ್ಡ್, ಕೇಕಿನ ಕ್ರೀಮಿಗೆ ಹಾಕುವ ಟಾರ್ಟ್ರಜಿನ್ ಎಂಬ ನಿಂಬೆ ಹಳದಿ 1884ರಲ್ಲಿ ಹುಟ್ಟಿದ್ದು ಉಣ್ಣೆಗೆ ಬಣ್ಣ ಹಾಕಲಿಕ್ಕೆ. ಸೀಸ, ಪಾಷಾಣಕ್ಕಿಂತ ಎಷ್ಟೋ ಮೇಲು, ಒಂದು ಚಿಟಿಕೆ ಸಾಕು, ಓವನ್ನಿಗೂ ಸೋಡಾಕ್ಕೂ ಹೆದರುವುದಿಲ್ಲ ಅಂತ ಮಿಠಾಯಿಯವರು ಎತ್ತಿಕೊಂಡರು. ಉಂಡವರ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಮೊದಲೇ ನೋಡಿದವರಿಲ್ಲ.

ನೋಡಲು ಶುರು ಮಾಡಿದ್ದು ಅಮೆರಿಕ. 1906ರಲ್ಲಿ ಅಲ್ಲಿ ಶುದ್ಧ ಆಹಾರದ ಕಾಯ್ದೆ ಬಂತು. ಆಗ ಅಲ್ಲಿನ ಮಾರುಕಟ್ಟೆಯಲ್ಲಿ ತಿನಿಸಿಗೆ ಹಾಕುವ ಡಾಂಬರು ಬಣ್ಣಗಳೇ ಸುಮಾರು 80. ಬರ್ನ್‌ಹಾರ್ಡ್ ಹೆಸ್ಸೆ ಎಂಬ ತಜ್ಞ ಅವನ್ನೆಲ್ಲ ಜಾಲಾಡಿ, ಇಷ್ಟು ಪರವಾಗಿಲ್ಲ ಅಂತ ಆರಿಸಿದ್ದು ಏಳು. 1907ರಲ್ಲಿ ಆ ಪಟ್ಟಿ ಹೊರಬಂತು. ಆ ಏಳರ ಗತಿ ಏನಾಯಿತು ನೋಡಿ. 1950ರ ಹ್ಯಾಲೊವೀನ್ ಹಬ್ಬದಲ್ಲಿ ಕಿತ್ತಳೆ ಮಿಠಾಯಿ ತಿಂದ ಮಕ್ಕಳು ಹೊಟ್ಟೆ ಕೆಟ್ಟು ಮಲಗಿದರು. ಆ ‘ಆರೆಂಜ್ 1’ ಪಟ್ಟಿಯಿಂದ ಹೋಯಿತು. ಒಂದು ಹಳದಿ, ಒಂದು ಕೆಂಪು, ಒಂದು ಹಸಿರು ಆಮೇಲೆ ಒಂದೊಂದಾಗಿ ಹೋದವು. ಅಮರಾಂತ್ ಎಂಬ ಬಹಳ ಬಳಕೆಯ ಕೆಂಪು 1976ರಲ್ಲಿ ನಿಷೇಧವಾಯಿತು. ಆ ಗಾಬರಿ ಎಷ್ಟಿತ್ತೆಂದರೆ ಎಂ ಅಂಡ್ ಎಂ ಚಾಕೊಲೇಟಿನವರು ಆ ಬಣ್ಣವನ್ನು ಬಳಸದೆ ಇದ್ದರೂ ಕೆಂಪು ಗುಂಡನ್ನೇ ತೆಗೆದುಬಿಟ್ಟರು. ಅದು ಮತ್ತೆ ಬಂದದ್ದು 1987ರಲ್ಲಿ. ಆರನೆಯದು ಎರಿತ್ರೊಸಿನ್, ಚೆರ್ರಿ ಕೆಂಪು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಂಡದ್ದರಿಂದ 1990ರಲ್ಲಿ ಲಿಪ್‌ಸ್ಟಿಕ್ಕಿನಂಥ ಸಾಮಾನಿಗೆ ಬೇಡ ಅಂದರು, ತಿನ್ನುವ ಮಿಠಾಯಿಗೆ ಬೇಡ ಅನ್ನಲು 2025ರ ಜನವರಿ ಬರಬೇಕಾಯಿತು! ಅದೂ ಕಂಪನಿಗಳಿಗೆ 2027ರವರೆಗೆ ಗಡುವು. ಏಳರಲ್ಲಿ ಉಳಿಯುವುದು ಒಂದೇ, ನೀಲಿ. ಇಂಡಿಗೊ ಕಾರ್ಮೈನ್ ಅಂತ ಅದರ ಹೆಸರು. ಹೆಸರಲ್ಲಿ ಕಾರ್ಮೈನ್ ಇದ್ದರೂ ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ, ನಮ್ಮ ನೀಲಿ ಗಿಡದ ಬಣ್ಣದ್ದೇ ಕಾರ್ಖಾನೆ ರೂಪ.

ಯುರೋಪಿನವರು 1962ರಲ್ಲಿ ಬಣ್ಣಗಳಿಗೆ ಇ ನಂಬರು ಕೊಡಲು ಶುರು ಮಾಡಿದರು. ನಮ್ಮ ಕೆಲಸದಲ್ಲಿ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ನೋಡಿ ಸಂಖ್ಯೆ ಓದುತ್ತೇವಲ್ಲ, ಇದು ಅದರ ಉಲ್ಟಾ. 100ರಿಂದ ಹಳದಿ, 110ರಿಂದ ಕಿತ್ತಳೆ, 120ರಿಂದ ಕೆಂಪು, 130ರಿಂದ ನೀಲಿ, 140ರಿಂದ ಹಸಿರು. ಅರಿಶಿನದ ಸತ್ವವೇ ಇ100. ಹಾಗಾಗಿ ಇ ನಂಬರು ಅಂದ ಕೂಡಲೇ ವಿಷ ಅಂತ ವಾಟ್ಸ್ಆ್ಯಪಿನಲ್ಲಿ ಬರುವ ಮೆಸೇಜುಗಳನ್ನು ನಾನು ಫಾರ್ವರ್ಡ್ ಮಾಡುವುದಿಲ್ಲ. ನಂಬರು ಇರುವುದು ಒಳ್ಳೆಯದು, ಇಲ್ಲದ ಪುಡಿಯ ಬಗ್ಗೆ ಹೆದರಬೇಕು.

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಮತ್ತು 8-9 ವರ್ಷದ ಮಕ್ಕಳಿಗೆ ಕೆಲವು ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಬಣ್ಣ ಕುಡಿದ ದಿನಗಳಲ್ಲಿ ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಾಯಿತು. ಎಲ್ಲ ಮಕ್ಕಳಿಗೂ ಒಂದೇ ಥರ ಅಲ್ಲ. ನಿಷೇಧ ಮಾಡುವಷ್ಟು ಪುರಾವೆ ಇಲ್ಲ ಅಂತ ತಜ್ಞರು ಹೇಳಿದರು, ಆದರೂ 2010ರ ಜುಲೈಯಿಂದ ಯುರೋಪಿನಲ್ಲಿ ಆರು ಬಣ್ಣಗಳಿಗೆ ಎಚ್ಚರಿಕೆ ಮಾತು ಕಡ್ಡಾಯವಾಯಿತು: ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಆಗಬಹುದು ಅಂತ. ನಂಬರು 102, 104, 110, 122, 124, 129. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಬ್ರಿಟನ್ನಿನಿಂದ ಬಂದ ಬಣ್ಣದ ಬಾಟಲಿ ಸಿಕ್ಕರೆ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಆ ಮಾತು ಇರುತ್ತದೆ.

ನಮ್ಮ ಕಥೆ ಬೇರೆ ಅಲ್ಲ. ಭಾರತದಲ್ಲಿ 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಿಂದ ಬಣ್ಣಗಳ ಪಟ್ಟಿ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳಲ್ಲಿ ಎಂಟು ಕೃತಕ ಬಣ್ಣ. ಕೆಂಪಿಗೆ ಪೊನ್ಸೊ 4ಆರ್, ಕಾರ್ಮೊಯಿಸಿನ್, ಎರಿತ್ರೊಸಿನ್. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಇಂಡಿಗೊ ಕಾರ್ಮೈನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಕೇಕ್, ಬಿಸ್ಕತ್ತಿನಂಥದಕ್ಕೆ ಒಂದು ಕೆಜಿಗೆ 100 ಮಿಲಿಗ್ರಾಂ ಮೀರಬಾರದು. ನಮ್ಮ ಅಯ್ಯಂಗಾರ್ ಬೇಕರಿಯ ಕೇಕಿನಲ್ಲಿ ಸಿಗುವ ಕೆಂಪು, ಹಸಿರು, ಹಳದಿ ಟೂಟಿಫ್ರೂಟಿ ಇದೆಯಲ್ಲ, ಅದು ಕಾಯಿ ಪರಂಗಿಯನ್ನು ಸಣ್ಣಗೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಇಂಥ ಬಣ್ಣ ಹಾಕಿ ಮಾಡಿದ್ದು. ಅದರ ರುಚಿಯಲ್ಲಿ ಬಣ್ಣದ್ದೇ ಅರ್ಧ ಪಾಲು ಅಂತ ನನ್ನ ಅಭಿಪ್ರಾಯ.

ಪಟ್ಟಿ ಇದ್ದರೇನು, ಬೀದಿಯಲ್ಲಿ ಪಟ್ಟಿ ಓದುವವರು ಯಾರು? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷೆ ಮಾಡಿಸಿತು. 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತು. ಅದು ಬಟ್ಟೆ, ಕಾಗದಕ್ಕೆ ಹಾಕುವ ಗುಲಾಬಿ ಬಣ್ಣ. ಹಾಕಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಸರ್ಕಾರ ಹೇಳಿತು. ಜೂನ್‌ನಲ್ಲಿ ಕಬಾಬಿನ ಸರದಿ. ಅಕ್ಟೋಬರ್ ಹೊತ್ತಿಗೆ ಬೆಂಗಳೂರಿನ ಬೇಕರಿಗಳ ಕೇಕ್: 235 ಮಾದರಿಯಲ್ಲಿ 12 ಸರಿಯಿಲ್ಲ ಅಂತ ಬಂತು. ಸಿಕ್ಕಿಬಿದ್ದವು ಹೆಚ್ಚಾಗಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್. ಗೋಬಿಗೆ ಹೋಲಿಸಿದರೆ ಕೇಕ್ ಎಷ್ಟೋ ಮೇಲು ಅಂತಲೇ ಹೇಳಬೇಕು. ಬೀದಿ ಗಾಡಿಯವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಕೆಂಪು ಇಲ್ಲದ ಗೋಬಿ ಗಿರಾಕಿಗೆ ಬೇಡ, ಬಟ್ಟೆ ಬಣ್ಣ ಅಗ್ಗ. ಲಂಡನ್ನಿನ ಮಿಠಾಯಿಯವನ ಲೆಕ್ಕವೂ ಇದೇ ಆಗಿತ್ತು.

ರೆಡ್ ವೆಲ್ವೆಟ್ಟಿನದೂ ಒಂದು ಕಥೆ. ಅಮೆರಿಕದ ಹಳೇ ಕಾಲದ ಆ ಕೇಕ್ ನಸುಗೆಂಪು ಮಾತ್ರ. ಆಗಿನ ಕೋಕೋ ಪುಡಿಗೆ ಕ್ಷಾರ ಹಾಕಿ ಹದ ಮಾಡುತ್ತಿರಲಿಲ್ಲ, ಮಜ್ಜಿಗೆ ಮತ್ತು ವಿನೆಗರ್ ಹುಳಿಗೆ ಅದು ಮಣ್ಣುಗೆಂಪಾಗುತ್ತಿತ್ತು. ಟೆಕ್ಸಾಸಿನ ಆಡಮ್ಸ್ ಎಂಬ ಎಸೆನ್ಸ್ ಕಂಪನಿ ತನ್ನ ಬಣ್ಣದ ಬಾಟಲಿ ಮಾರಲಿಕ್ಕೆ ಈ ಕೇಕಿನ ವಿಧಾನವನ್ನು ಕಾರ್ಡಿನಲ್ಲಿ ಅಚ್ಚು ಹಾಕಿ ಹಂಚಿತು. ಅಲ್ಲಿಂದ ಈ ರಕ್ತಗೆಂಪು ರೂಢಿಯಾಯಿತು. ಈಗ ಕೋಕೋ ಬಹಳಷ್ಟು ಕ್ಷಾರ ಹಾಕಿದ್ದೇ ಬರುವುದರಿಂದ ಬಾಟಲಿ ಇಲ್ಲದೆ ಕೆಂಪು ಬರುವುದೇ ಇಲ್ಲ.

ಬಾಟಲಿ ಬಣ್ಣ ಮುಗಿದು ಈಗ ಮಿನುಗು ಪುಡಿಯ ಕಾಲ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಚಿನ್ನದ ಹೊಳಪಿನ ಕೇಕ್ ಬೇಕು. 2018ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ, ಭೇದಿ. ಪರೀಕ್ಷೆ ಮಾಡಿದರೆ ಆ ಹೊಂಬಣ್ಣದ ಪುಡಿ ಹೆಚ್ಚುಕಡಿಮೆ ಬರೀ ತಾಮ್ರ. ನಾವು ದಿನಾ ಸುಲಿದು ಜೋಡಿಸುವ ತಾಮ್ರವೇ, ಪುಡಿಯಾಗಿ. ಮರುವರ್ಷ ಮಿಸ್ಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು. ಹುಡುಕಿದರೆ ಅದರ ಹುಟ್ಟುಹಬ್ಬದ ಕೇಕಿನ ಹೂವಿಗೆ ಹಚ್ಚಿದ ಹಳದಿ ಪುಡಿಯಲ್ಲಿ ಸೀಸ. ಹಸಲ್ ಲಂಡನ್ನಿನಲ್ಲಿ ಹಳದಿ ಮಿಠಾಯಿಯಲ್ಲಿ ಸೀಸ ಕಂಡು 160 ವರ್ಷ ದಾಟಿದ ಮೇಲೆ ಆದದ್ದು ಇದು. ಇಂಥ ಪುಡಿಗಳ ಡಬ್ಬಿ ಮೇಲೆ ‘ನಾನ್ ಟಾಕ್ಸಿಕ್’ ಅಂತಲೋ ‘ಅಲಂಕಾರಕ್ಕೆ ಮಾತ್ರ’ ಅಂತಲೋ ಇರುತ್ತದೆ. ಎರಡಕ್ಕೂ ಅರ್ಥ ತಿನ್ನಬಹುದು ಅಂತ ಅಲ್ಲ. ತಿನ್ನುವಂಥದ್ದಾದರೆ ‘ಎಡಿಬಲ್’ ಅಂತ ಇರುತ್ತದೆ, ಜೊತೆಗೆ ಒಳಗೆ ಏನೇನಿದೆ ಅನ್ನುವ ಪಟ್ಟಿ ಇರುತ್ತದೆ.

ಗಲ್ಫಿನಲ್ಲಿ ಇರುವ ನಮಗೆ ಒಂದು ವಿಶೇಷ ತೊಂದರೆ ಉಂಟು. ಊರಿನ ಅಂಗಡಿಯಲ್ಲಿ ಒಂದೇ ದೇಶದ ಬಾಟಲಿ. ಇಲ್ಲಿ ಒಂದೇ ಕಪಾಟಿನಲ್ಲಿ ಇಂಡಿಯಾ, ಬ್ರಿಟನ್, ಅಮೆರಿಕ ಮೂರೂ ಪಕ್ಕಪಕ್ಕ. ನಮ್ಮ ದೇಶ ಒಪ್ಪಿದ ಕಾರ್ಮೊಯಿಸಿನ್, ಪೊನ್ಸೊ 4ಆರ್ ಅಮೆರಿಕದಲ್ಲಿ ತಿನಿಸಿಗೆ ಹಾಕುವಂತಿಲ್ಲ. ನಮ್ಮಲ್ಲೂ ಅಮೆರಿಕದಲ್ಲೂ ನಡೆಯುವ ಫಾಸ್ಟ್ ಗ್ರೀನ್ ಯುರೋಪಿನಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಬೇಡವಾದ ಅಮರಾಂತ್ ಯುರೋಪಿನಲ್ಲಿ ಕೆಲವು ಪದಾರ್ಥಕ್ಕೆ ಇನ್ನೂ ಉಂಟು. ಒಂದೇ ಬಣ್ಣ, ಒಂದು ದೇಶದಲ್ಲಿ ಊಟ, ಇನ್ನೊಂದರಲ್ಲಿ ಅಪರಾಧ. ಕಲ್ಲಿದ್ದಲ ಡಾಂಬರಿನ ಜಾಗಕ್ಕೆ ಈಗ ಪೆಟ್ರೋಲಿಯಂ ಬಂದಿದೆ ಅಷ್ಟೇ, ಮೂಲದಲ್ಲಿ ಈ ಬಣ್ಣಗಳೂ ನಮ್ಮಲ್ಲಿ ಎಷ್ಟೋ ಜನಕ್ಕೆ ಇಲ್ಲಿ ಕೆಲಸ ಕೊಟ್ಟ ಎಣ್ಣೆಯವೇ.

ಮನೆಯಲ್ಲಿ ಮಾಡುವವರು ಕೇಳುವ ಪ್ರಶ್ನೆ ಪ್ರಮಾಣದ್ದು. ಕೆಜಿಗೆ 100 ಮಿಲಿಗ್ರಾಂ ಅಂದರೆ ಅಡಿಗೆಮನೆಯ ತಕ್ಕಡಿಗೆ ಸಿಗದಷ್ಟು ಕಡಿಮೆ. ಅದು ಶುದ್ಧ ಬಣ್ಣದ ಲೆಕ್ಕ; ಡಬ್ಬಿಯ ಪುಡಿಯಲ್ಲಿ ಉಪ್ಪೋ ಸಕ್ಕರೆಯೋ ಬೆರೆತಿರುತ್ತದೆ, ಜೆಲ್ಲಿನಲ್ಲಿ ಗ್ಲಿಸರಿನ್, ಪಾಕ ಇರುತ್ತದೆ, ಶೇಕಡಾ ಎಷ್ಟು ಬಣ್ಣ ಅಂತ ಕೆಲವರು ಬರೆದಿರುತ್ತಾರೆ. ಬೆಣ್ಣೆ ಕ್ರೀಮಿಗೆ ಕಡು ಕೆಂಪು ತರುವುದು ಕಷ್ಟ, ಯಾಕೆಂದರೆ ನೀರಿನಲ್ಲಿ ಕರಗುವ ಬಣ್ಣ ಕೊಬ್ಬಿನಲ್ಲಿ ಹರಡುವುದಿಲ್ಲ. ಅದಕ್ಕೇ ಜನ ಸುರಿಯುತ್ತಾ ಹೋಗುತ್ತಾರೆ, ಕ್ರೀಮ್ ಕಹಿಯಾಗುತ್ತದೆ. ಗುಲಾಬಿ ಬಂದಾಗ ನಿಲ್ಲಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಿಗ್ಗೆಗೆ ಬಣ್ಣ ತಾನೇ ಏರಿರುತ್ತದೆ. ಬಾವುಟದ ಹಳದಿಗೆ ಬಾಟಲಿಯೇ ಬೇಕಿಲ್ಲ, ಕ್ರೀಮಿಗೆ ಸೋಡಾ ಬೀಳುವುದಿಲ್ಲವಾದ್ದರಿಂದ ಚಿಟಿಕೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ, ವೆನಿಲ್ಲಾ ಇದ್ದರೆ ವಾಸನೆಯೂ ಗೊತ್ತಾಗುವುದಿಲ್ಲ. ಕೆಂಪಿಗೆ ಒಣಗಿಸಿದ ಸ್ಟ್ರಾಬೆರಿಯೋ ಬೀಟ್‌ರೂಟೋ ಪುಡಿ ಮಾಡಿ ಹಾಕಬಹುದು. ಕ್ರೀಮಿಗೆ ಓವನ್ನಿನ ಕಾವು ತಾಗುವುದಿಲ್ಲವಾದ್ದರಿಂದ ಅಲ್ಲಿ ಅದು ಕಂದಾಗುವುದಿಲ್ಲ, ಆದರೆ ಕುಂಕುಮದಷ್ಟು ಕೆಂಪೂ ಆಗುವುದಿಲ್ಲ.